ಡ್ರಾಯಿಂಗ್ ಶೀಟುಗಳಿಂದ ಎದ್ದ ಊರು: ವಾರ್ಸಾದಲ್ಲಿ ಮೂರು ದಿನ

ಇವತ್ತಿನ ಕತೆ ಒಂದು ಜಗಳದಿಂದ ಶುರುವಾಗುತ್ತೆ.

ಜಾಗ, ಪೋಲೆಂಡ್ ದೇಶದ ರಾಜಧಾನಿ ವಾರ್ಸಾ. ಅಲ್ಲಿನ ಹಳೇ ಪೇಟೆಯ ಚೌಕ. ನವೆಂಬರ್ ಚಳಿ. ಸುತ್ತ ನಾಲ್ಕೂ ಕಡೆ ಮೂರು-ನಾಲ್ಕು ಮಹಡಿಯ ಕಿರಿದಾದ ಮನೆಗಳು. ಒಂದು ಅರಿಶಿನ ಬಣ್ಣ, ಪಕ್ಕದ್ದು ತಿಳಿಗುಲಾಬಿ, ಅದರ ಪಕ್ಕದ್ದು ಪಾಚಿ ಹಸಿರು. ನಡುವೆ ಕತ್ತಿ-ಗುರಾಣಿ ಹಿಡಿದ ಮತ್ಸ್ಯಕನ್ಯೆಯ ಪ್ರತಿಮೆ, ಅದೇ ಈ ಊರಿನ ಲಾಂಛನ. ನಾವು ಐದು ಜನ. ಎಲ್ಲರೂ ಜರ್ಮನಿಯ ಬೇರೆ ಬೇರೆ ಯೂನಿವರ್ಸಿಟಿಗಳಲ್ಲಿ ಓದ್ತಿದ್ದ ಕರ್ನಾಟಕದ ಹುಡುಗ ಹುಡುಗೀರು. ಬರ್ಲಿನ್‌ನಲ್ಲಿ ಒಟ್ಟಾಗಿ ರೈಲು ಹತ್ತಿ, ಚಪಾತಿ ರೋಲ್ ತಿಂದು, ನಿದ್ದೆ ಮಾಡಿ, ಆರು ಗಂಟೆ ಆದ್ಮೇಲೆ ಇಳಿದಿದ್ವಿ. ಖರ್ಚು ಕಡಿಮೆ ಅನ್ನೋದು ಬಿಟ್ರೆ ಈ ಊರನ್ನ ಆರಿಸಿಕೊಳ್ಳೋಕೆ ನಮಗೆ ಬೇರೆ ಕಾರಣ ಇರಲಿಲ್ಲ. ಸತ್ಯ ಹೇಳ್ಬೇಕಲ್ಲ.

ಫೋಟೋ ಹೊಡ್ಕೊಂಡಿದ್ದೇ ಹೊಡ್ಕೊಂಡಿದ್ದು. "ಮಧ್ಯಯುಗದ ಬೀದಿಗಳಲ್ಲಿ" ಅಂತ ನಾನು ಸ್ಟೋರಿಗೆ ಕ್ಯಾಪ್ಶನ್ ಟೈಪ್ ಮಾಡ್ತಿದ್ದೆ. ಅಷ್ಟರಲ್ಲಿ ನಮ್ಮ ಹುಬ್ಬಳ್ಳಿ ಗೆಳೆಯ ಮೊಬೈಲಲ್ಲಿ ಏನೋ ಓದಿ ತಲೆ ಎತ್ತಿದ. "ಏ, ಇದೇನ್ ಹಳೇದಲ್ಲಲೇ! 1953ರಾಗ ಕಟ್ಟ್ಯಾರಂತ. ನಮ್ಮಜ್ಜನ ಮನಿ ಇದಕಿಂತ ಹಳೇದೈತಿ!" ಅಂದ.

ಅವನಿಗೆ ನಿಜವಾಗಿಯೂ ಮೋಸ ಆದ ಹಾಗೆ ಅನ್ನಿಸಿತ್ತು. ಡೂಪ್ಲಿಕೇಟ್ ಊರು ತೋರ್ಸೋಕೆ ಇಷ್ಟು ದೂರ ಕರ್ಕೊಂಡು ಬಂದ್ರಿ ಅಂತ ನಮ್ಮ ಮೇಲೇ ಹರಿಹಾಯ್ದ. ನಮ್ಮಲ್ಲಿ ತೀರ್ಥಹಳ್ಳಿಯ ಹುಡುಗಿ ಒಬ್ಬಳು, ಮಾತು ಕಡಿಮೆ. "ಡೂಪ್ಲಿಕೇಟ್ ಅಂದ್ರೆ ಏನು, ಅಸಲು ಎಲ್ಲೋಯ್ತು ಅಂತ ಮೊದಲು ಕೇಳೋ ಮಾರಾಯ" ಅಂದಳು. ಆ ಪ್ರಶ್ನೆ ನಮ್ಮ ಮೂರು ದಿನದ ಪ್ಲಾನನ್ನೇ ತಲೆಕೆಳಗು ಮಾಡ್ತು.

ಅಸಲು ಎಲ್ಲಿ ಹೋಯ್ತು? ಉತ್ತರ ಒಂದೇ ಸಾಲಿನದ್ದು. ಬೆಂಕಿ ಹಚ್ಚಿ, ಡೈನಮೈಟ್ ಇಟ್ಟು, ಲೆಕ್ಕ ಹಾಕಿ ಉರುಳಿಸಿದರು.

ಎರಡನೇ ಮಹಾಯುದ್ಧದ ಹೊತ್ತಿಗೆ ವಾರ್ಸಾದ ಜನಸಂಖ್ಯೆ ಸುಮಾರು 13 ಲಕ್ಷ. 1939ರ ಸೆಪ್ಟೆಂಬರ್‌ನಲ್ಲಿ ಹಿಟ್ಲರನ ಸೈನ್ಯ ಊರನ್ನು ಹಿಡಿಯಿತು. ಐದು ವರ್ಷದ ಆಕ್ರಮಣದ ನಂತರ, 1944ರ ಆಗಸ್ಟ್ 1ರಂದು ಪೋಲೆಂಡಿನ ಭೂಗತ ಸೇನೆ ದಂಗೆ ಎದ್ದಿತು. 63 ದಿನ ಬೀದಿ ಬೀದಿಯಲ್ಲಿ ಕಾಳಗ. ಸೋವಿಯತ್ ಸೈನ್ಯ ವಿಸ್ತುಲಾ ನದಿಯ ಆಚೆ ದಡದವರೆಗೆ ಬಂದು ನಿಂತಿತ್ತು. ಯಾಕೆ ದಾಟಲಿಲ್ಲ ಅಂತ ಪೋಲೆಂಡಿನಲ್ಲಿ ಇವತ್ತಿಗೂ ವಾದ ಇದೆ. ದಂಗೆ ಸೋತಿತು. ಸತ್ತ ನಾಗರಿಕರ ಸಂಖ್ಯೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಎಂಬುದು ಅಂದಾಜು. ಉಳಿದವರನ್ನೆಲ್ಲ ಊರಿಂದ ಹೊರಗೆ ಅಟ್ಟಿದರು.

ಇಲ್ಲಿವರೆಗೆ ಇದು ಯುದ್ಧ. ಇದಾದ ಮೇಲೆ ನಡೆದದ್ದಕ್ಕೆ ಏನು ಹೆಸರಿಡಬೇಕೋ ಗೊತ್ತಾಗಲ್ಲ. ಜನ ಖಾಲಿಯಾದ ಊರಿಗೆ ಜರ್ಮನ್ ತುಕಡಿಗಳು ನುಗ್ಗಿ, ಒಂದೊಂದೇ ಬೀದಿ ಹಿಡಿದು, ಮನೆಗಳಿಗೆ ಬೆಂಕಿ ಕೊಟ್ಟವು. ಅರಮನೆ, ಚರ್ಚು, ಗ್ರಂಥಾಲಯಗಳಿಗೆ ಸ್ಫೋಟಕ ಇಟ್ಟವು. ಯಾರೂ ಎದುರು ಗುಂಡು ಹಾರಿಸದ ಊರನ್ನು ತಿಂಗಳುಗಟ್ಟಲೆ ಸುಡೋದು ಅಂದ್ರೆ? 1945ರ ಜನವರಿ 17ರಂದು ಸೋವಿಯತ್ ಮತ್ತು ಪೋಲಿಷ್ ಸೈನಿಕರು ಒಳಗೆ ಬಂದಾಗ ಅವಶೇಷಗಳ ನಡುವೆ ಅಡಗಿ ಬದುಕಿದ್ದ ಕೆಲವೇ ಜನ ಸಿಕ್ಕರು. 'ದಿ ಪಿಯಾನಿಸ್ಟ್' ಸಿನಿಮಾ ನೋಡಿದ್ದೀರಲ್ಲ, ಆ ಸಂಗೀತಗಾರ ವ್ಲಾದಿಸ್ಲಾವ್ ಶ್ಪಿಲ್ಮನ್ ಅಂಥವರಲ್ಲಿ ಒಬ್ಬ. ಹಳೇ ಪೇಟೆಯ ಶೇಕಡ 85ಕ್ಕಿಂತ ಹೆಚ್ಚು ಭಾಗ ನೆಲಸಮವಾಗಿತ್ತು ಅಂತ ಯುನೆಸ್ಕೋ ದಾಖಲೆ ಹೇಳುತ್ತೆ. ರಾಜಧಾನಿಯನ್ನ ಬೇರೆ ಊರಿಗೆ ಒಯ್ಯೋಣ, ಇದನ್ನ ಹೀಗೇ ಪಾಳು ಬಿಡೋಣ ಅನ್ನೋ ಮಾತೂ ಬಂದಿತ್ತು.

ಹಾಗಿದ್ರೆ ನಾವು ನಿಂತಿದ್ದ ಆ ಅರಿಶಿನ ಬಣ್ಣದ ಮನೆ ಎಲ್ಲಿಂದ ಬಂತು? ಕಿಟಕಿ ಇಷ್ಟೇ ಅಗಲ, ಕಮಾನು ಇಷ್ಟೇ ಎತ್ತರ ಅಂತ ಯಾರಿಗೆ ನೆನಪಿತ್ತು?

ಇಂಟರ್‌ನೆಟ್‌ನಲ್ಲಿ ಇದಕ್ಕೊಂದು ಚಂದದ ಉತ್ತರ ಓಡಾಡ್ತಿರುತ್ತೆ, ಯಾವುದಾದ್ರೂ ರೀಲ್‌ನಲ್ಲಿ ನೀವೂ ನೋಡಿರ್ತೀರಿ. 18ನೇ ಶತಮಾನದಲ್ಲಿ ಬರ್ನಾರ್ಡೊ ಬೆಲ್ಲೊಟ್ಟೊ ಅನ್ನೋ ವೆನಿಸ್‌ನ ಚಿತ್ರಕಾರ ವಾರ್ಸಾದ ರಾಜನ ಆಸ್ಥಾನದಲ್ಲಿದ್ದ, ಊರಿನ ಬೀದಿಗಳನ್ನ ಇಂಚಿಂಚು ಬಿಡಿಸಿದ್ದ, ಆ ಪೇಂಟಿಂಗ್ ನೋಡಿಕೊಂಡು ಊರು ಕಟ್ಟಿದ್ರು ಅಂತ. ಸುಳ್ಳಲ್ಲ. ಆ ಚಿತ್ರಗಳು ಈಗ ಮತ್ತೆ ಕಟ್ಟಿದ ರಾಜರ ಅರಮನೆಯಲ್ಲೇ ತೂಗು ಹಾಕಿವೆ, ನಾವೂ ನೋಡಿದ್ವಿ. ಕೆಲವು ರಸ್ತೆಗಳಿಗೆ, ಅರಮನೆಗಳಿಗೆ ಅವು ನಿಜಕ್ಕೂ ಉಪಯೋಗಕ್ಕೆ ಬಂದವು. ಆದರೆ ನಾನು ಆರ್ಕಿಟೆಕ್ಚರ್ ಓದಿದವನು, ಅಷ್ಟಕ್ಕೇ ಒಪ್ಪೋಕೆ ನನಗೆ ಆಗಲಿಲ್ಲ. ಪೇಂಟಿಂಗ್ ನೋಡಿ ಗೋಡೆ ಎಷ್ಟು ದಪ್ಪ ಅಂತ ಹೇಗೆ ಹೇಳ್ತೀರಿ? ಮೆಟ್ಟಿಲು ಎಲ್ಲಿ ತಿರುಗುತ್ತೆ, ನೆಲಮಾಳಿಗೆಯ ಕಮಾನು ಎಲ್ಲಿ ಕೂರುತ್ತೆ? ಕಟ್ಟಡ ಕಟ್ಟೋಕೆ ಅಳತೆ ಬೇಕು.

ಅಳತೆ ಇತ್ತು. ಅದು ಸಿಕ್ಕಿದ್ದು ಕಾಲೇಜಿನಲ್ಲಿ.

ಚೌಕದ ಹಿಂದೆ, ನದಿ ಕಡೆಗೆ ಇಳಿಯುವ ಬೀದಿಯಲ್ಲಿ, ಊರನ್ನು ಹೇಗೆ ಮರುಕಟ್ಟಿದರು ಅಂತ ತೋರಿಸೋ ಚಿಕ್ಕದೊಂದು ಮ್ಯೂಸಿಯಂ ಇದೆ. ಚಳಿ ತಡೀಲಾರದೆ ಒಳಗೆ ನುಗ್ಗಿದ್ವಿ, ಅಷ್ಟೇ. ಅಲ್ಲಿಂದ ಈ ಕತೆಯ ಎಳೆ ಸಿಕ್ತು.

ಯುದ್ಧಕ್ಕೆ ಮುಂಚೆ ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪೋಲಿಷ್ ವಾಸ್ತುಶಿಲ್ಪ ವಿಭಾಗ ಅಂತ ಒಂದಿತ್ತು. ಅದರ ಮುಖ್ಯಸ್ಥ ಪ್ರೊಫೆಸರ್ ಓಸ್ಕಾರ್ ಸೊಸ್ನೋವ್ಸ್ಕಿ. ಇವರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿದ್ದರು. ದೇಶದ ಊರೂರಿಗೆ ಹೋಗಿ ಹಳೇ ಕಟ್ಟಡಗಳನ್ನು ಟೇಪು ಹಿಡಿದು ಅಳೆಯೋದು, ಪ್ಲಾನ್, ಸೆಕ್ಷನ್, ಎಲಿವೇಶನ್ ಬಿಡಿಸಿ ತಂದುಕೊಡೋದು. ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಇದಕ್ಕೆ ಮೆಷರ್ಡ್ ಡ್ರಾಯಿಂಗ್ ಅಂತೀವಿ. ಬೇಸಗೆ ರಜದಲ್ಲಿ ಬಿಸಿಲಲ್ಲಿ ನಿಂತು ಮಾಡೋ, ಯಾರಿಗೂ ಇಷ್ಟವಿಲ್ಲದ ಅಸೈನ್‌ಮೆಂಟು. ಅಲ್ಲಿನ ಹುಡುಗರೂ ಗೊಣಗಿಕೊಂಡೇ ಮಾಡಿರ್ತಾರೆ ಅಂತ ನನ್ನ ಊಹೆ. ವರ್ಷದಿಂದ ವರ್ಷಕ್ಕೆ ಶೀಟುಗಳು ಗುಡ್ಡೆ ಬಿದ್ದವು.

1939ರ ಸೆಪ್ಟೆಂಬರ್‌ನಲ್ಲಿ ಬಾಂಬು ಬೀಳುತ್ತಿದ್ದಾಗ ಸೊಸ್ನೋವ್ಸ್ಕಿ ಆ ಶೀಟುಗಳನ್ನು ಉಳಿಸಲು ವಿಭಾಗಕ್ಕೆ ಹೋದರು. ಕಾಲೇಜಿನ ಅಂಗಳದಲ್ಲೇ ಗಾಯಗೊಂಡು, ಕೆಲ ದಿನದಲ್ಲಿ ತೀರಿಕೊಂಡರು. ಡ್ರಾಯಿಂಗ್ ಶೀಟಿಗಾಗಿ ಒಬ್ಬ ಮೇಷ್ಟ್ರು ಪ್ರಾಣ ಬಿಟ್ಟರು ಅಂತ ಓದಿ ನಮ್ಮ ಹುಬ್ಬಳ್ಳಿಯವನು ಸುಮ್ಮನಾದ. ಅವನು ಸುಮ್ಮನಾಗೋದು ಅಪರೂಪ.

ಅವರ ಜಾಗಕ್ಕೆ ಬಂದವರು ಅವರ ಸಹೋದ್ಯೋಗಿ ಯಾನ್ ಜಖ್ವತೋವಿಚ್. ನಾಜಿಗಳು ಪೋಲೆಂಡಿನ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದ್ದರು. ಪಾಠ ಗುಟ್ಟಾಗಿ ನಡೆಯುತ್ತಿತ್ತು, ಸಿಕ್ಕಿಬಿದ್ದರೆ ಕ್ಯಾಂಪು ಅಥವಾ ಗುಂಡು. ಅಂಥದ್ದರಲ್ಲೂ ಅಳೆಯುವ ಕೆಲಸ ನಿಲ್ಲಲಿಲ್ಲ. ವಾರ್ಸಾವನ್ನು ಚಿಕ್ಕದೊಂದು ಜರ್ಮನ್ ಪಟ್ಟಣವಾಗಿ ಕುಗ್ಗಿಸುವ ನಕ್ಷೆಯನ್ನು ನಾಜಿ ಪ್ಲಾನರುಗಳು ಆಗಲೇ ಬಿಡಿಸಿದ್ದರು. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಒಬ್ಬರು ಊರನ್ನು ಅಳಿಸಲು ನಕ್ಷೆ ಹಾಕ್ತಿದ್ದಾರೆ, ಇನ್ನೊಬ್ಬರು ಉಳಿಸೋಕೆ.

1944ರ ದಂಗೆ ಸೋತು ಊರು ಖಾಲಿಯಾದಾಗ, ಗ್ರಂಥಾಲಯ ಮತ್ತು ಮ್ಯೂಸಿಯಂ ವಸ್ತುಗಳಲ್ಲಿ ಉಳಿದದ್ದನ್ನು ಸಾಗಿಸಲು ಕೆಲವು ವಿದ್ವಾಂಸರಿಗೆ ಒಳಗೆ ಹೋಗುವ ಅನುಮತಿ ಸಿಕ್ಕಿತು. ಸುತ್ತ ಮನೆಗಳು ಉರಿಯುತ್ತಿರುವಾಗಲೇ ಈ ಡ್ರಾಯಿಂಗ್‌ಗಳೂ ಹೊರಗೆ ಬಂದವು. ಪಿಯೊತ್ರ್‌ಕೂವ್ ಎಂಬ ಪಟ್ಟಣದ ಒಂದು ಕ್ರೈಸ್ತ ಮಠದಲ್ಲಿ ಅವನ್ನು ಬಚ್ಚಿಟ್ಟರು. ಯುದ್ಧ ಮುಗಿದಾಗ ಊರು ಇರಲಿಲ್ಲ, ಊರಿನ ಅಳತೆ ಇತ್ತು.

1945ರ ಫೆಬ್ರವರಿಯಲ್ಲಿ ರಾಜಧಾನಿ ಪುನರ್ನಿರ್ಮಾಣ ಕಚೇರಿ ಶುರುವಾಯಿತು. ಪಾರಂಪರಿಕ ಕಟ್ಟಡಗಳ ವಿಭಾಗಕ್ಕೆ ಜಖ್ವತೋವಿಚ್ ಅವರೇ ಮುಖ್ಯಸ್ಥ. ಜನ ಕೈಯಿಂದ ಕೈಗೆ ಇಟ್ಟಿಗೆ ದಾಟಿಸ್ತಾ ಅವಶೇಷ ತೆರವು ಮಾಡುವ ಫೋಟೋಗಳು ಆ ಮ್ಯೂಸಿಯಂನಲ್ಲಿವೆ. ಇಟ್ಟಿಗೆ ಸಾಲದೆ ಪಶ್ಚಿಮದ ಊರುಗಳ ಕಟ್ಟಡಗಳನ್ನು ಬಿಚ್ಚಿ ತಂದರು. ಯುದ್ಧದ ತನಕ ಜರ್ಮನಿಯಲ್ಲಿದ್ದು ಆಮೇಲೆ ಪೋಲೆಂಡಿಗೆ ಸೇರಿದ ವ್ರೊತ್ಸ್ವಾವ್‌ನಂಥ ಊರುಗಳು ಅವು. ಅಂದ್ರೆ ಒಂದು ಊರು ಏಳೋಕೆ ಇನ್ನೊಂದು ಊರು ಇಟ್ಟಿಗೆ ಕಳ್ಕೊಂಡಿದೆ. ಅದೂ ಅಲ್ಲದೆ 1945ರ ಒಂದೇ ಆಜ್ಞೆಯಲ್ಲಿ ಕಮ್ಯುನಿಸ್ಟ್ ಸರ್ಕಾರ ವಾರ್ಸಾದ ಜಮೀನನ್ನೆಲ್ಲ ಸರ್ಕಾರದ್ದು ಅಂತ ಮಾಡಿಕೊಂಡಿತು. ಊರು ಬೇಗ ಕಟ್ಟೋಕೆ ಅದು ಅನುಕೂಲವಾಯ್ತು, ಜಾಗ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಮಾತ್ರ ದಶಕಗಟ್ಟಲೆ ಕೋರ್ಟು ಅಲೆದರು.

ಇನ್ನೊಂದು ವಿಷಯ ಹೇಳಿದ್ರೆ ನಮ್ಮ ಹುಬ್ಬಳ್ಳಿಯವನಿಗೆ ಖುಷಿ. ಅವನ 'ಡೂಪ್ಲಿಕೇಟ್' ಆರೋಪದಲ್ಲಿ ಸ್ವಲ್ಪ ಸತ್ಯ ಇದೆ. ಮರುಕಟ್ಟಿದವರು 1939ರಲ್ಲಿ ಇದ್ದಂತೆ ಕಟ್ಟಲಿಲ್ಲ. ಹಿತ್ತಲಲ್ಲಿ 19ನೇ ಶತಮಾನದಲ್ಲಿ ಒತ್ತೊತ್ತಾಗಿ ಸೇರಿಸಿದ್ದ ಕಟ್ಟಡಗಳನ್ನು ಕೈಬಿಟ್ಟು ಗಾಳಿ ಬೆಳಕಿಗೆ ಜಾಗ ಮಾಡಿದರು. ಮುಂಭಾಗ ಹಳೇದು, ಒಳಗೆ ಹೊಸ ಫ್ಲ್ಯಾಟುಗಳು. ಊರ ಬಾಗಿಲಲ್ಲಿ ಬಾರ್ಬಿಕನ್ ಅಂತ ಕೆಂಪು ಇಟ್ಟಿಗೆಯ ದುಂಡನೆ ಕೋಟೆ ಇದೆ, ಎಲ್ಲರೂ ಸೆಲ್ಫಿ ತಗೊಳ್ಳೋ ಜಾಗ. ಅದರ ಬಹುಭಾಗ ಯುದ್ಧಕ್ಕೆ ಎಷ್ಟೋ ವರ್ಷ ಮುಂಚೆಯೇ ಇರಲಿಲ್ಲ. ಸಂತ ಯೋಹಾನರ ಕೆಥೆಡ್ರಲ್‌ನ ಮುಂಭಾಗವೂ ಅಷ್ಟೇ. 1939ರಲ್ಲಿ ಇದ್ದದ್ದನ್ನು ಬಿಟ್ಟು, ಮಧ್ಯಯುಗದಲ್ಲಿ ಹೀಗಿದ್ದಿರಬಹುದು ಅಂತ ಜಖ್ವತೋವಿಚ್ ಊಹಿಸಿದ ರೂಪ ಈಗಿರೋದು. ಯುದ್ಧ ಕಿತ್ತುಕೊಂಡದ್ದನ್ನು ವಾಪಸ್ ತರುವ ನೆಪದಲ್ಲಿ ತಮಗೆ ಇಷ್ಟವಾದ ಭೂತಕಾಲವನ್ನೂ ಸ್ವಲ್ಪ ಸೇರಿಸಿದರು. ನನಗೆ ಇದು ತಪ್ಪು ಅಂತ ಅನ್ನಿಸಲ್ಲ, ಆದರೆ ಗೊತ್ತಿರಬೇಕು.

ಚೌಕ ಉದ್ಘಾಟನೆ ಆದದ್ದು 1953ರ ಜುಲೈ 22ಕ್ಕೆ. ಈ ತಾರೀಖು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ. 1980ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಹಳೇ ಊರು ಅಂತಲ್ಲ. ಹೀಗೆ ಮರುಕಟ್ಟಿದ್ದೇ ಒಂದು ಚರಿತ್ರೆ ಅಂತ. ಪುನರ್ನಿರ್ಮಾಣ ಕಚೇರಿಯ ಕಡತಗಳಿಗೂ 2011ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ರಾಜರ ಅರಮನೆ ಮಾತ್ರ ಬಹಳ ತಡ. ಕಮ್ಯುನಿಸ್ಟರಿಗೆ ರಾಜನ ಮನೆ ಕಟ್ಟೋಕೆ ಅವಸರ ಇರಲಿಲ್ಲ, 1971ರಲ್ಲಷ್ಟೇ ಅಸ್ತು ಅಂದರು. ಅದರ ಗೋಪುರದ ಗಡಿಯಾರ 1939ರ ಸೆಪ್ಟೆಂಬರ್ 17ರಂದು 11 ಗಂಟೆ 15 ನಿಮಿಷಕ್ಕೆ ನಿಂತಿತ್ತು. 1974ರಲ್ಲಿ ಅದೇ 11:15ಕ್ಕೆ ಮತ್ತೆ ಓಡಿಸಿದರು.

ಆ ರಾತ್ರಿ ಊಟಕ್ಕೆ 'ಬಾರ್' ಅಂತ ಬೋರ್ಡು ನೋಡಿ ಒಬ್ಬ ಉತ್ಸಾಹದಿಂದ ನುಗ್ಗಿದ. ಅದು ಹಾಲಿನ ಬಾರ್! ಕಮ್ಯುನಿಸ್ಟ್ ಕಾಲದಿಂದ ಉಳಿದಿರುವ ಅಗ್ಗದ ಊಟದ ಖಾನಾವಳಿ. ಆಲೂಗಡ್ಡೆ ಮತ್ತು ಗಿಣ್ಣಿನಂಥ ಚೀಸ್ ತುಂಬಿದ ಕಡುಬು ತಿಂದ್ವಿ, ಅದಕ್ಕೆ ಅಲ್ಲಿ ಪಿಯೆರೋಗಿ ಅಂತಾರೆ. ಹೆಚ್ಚುಕಡಿಮೆ ನಮ್ಮ ಕರ್ಜಿಕಾಯಿ ಆಕಾರ, ಎಣ್ಣೆ ಬದಲು ನೀರಲ್ಲಿ ಬೇಯಿಸಿದ್ದು. ಅಲ್ಲಿ ಕೂತು ತೀರ್ಥಹಳ್ಳಿಯವಳು ಎರಡನೇ ಪ್ರಶ್ನೆ ಹಾಕಿದಳು. "13 ಲಕ್ಷ ಜನ ಇದ್ರು ಅಂದ್ಯಲ್ಲ, ಅವರಲ್ಲಿ ಮೂರರಲ್ಲಿ ಒಬ್ಬರು ಯಹೂದಿಗಳಂತೆ. ಅವರ ಪೇಟೆ ಎಲ್ಲಿ? ಅದನ್ನೂ ಹೀಗೇ ಕಟ್ಟಿದ್ದಾರಾ?"

ಮರುದಿನ ಹುಡುಕಿಕೊಂಡು ಹೋದ್ವಿ. ಹಳೇ ಪೇಟೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಆದರೆ ಹೋಗಿ ನಿಂತಾಗ ನೋಡೋಕೆ ಅಲ್ಲಿ ಏನೂ ಇಲ್ಲ. ಮುರಾನೂವ್ ಅಂತ ಬಡಾವಣೆ. ಮೂರು-ನಾಲ್ಕು ಅಂತಸ್ತಿನ ಸಾಮಾನ್ಯ ಫ್ಲ್ಯಾಟುಗಳು, ಮಕ್ಕಳ ಜಾರುಬಂಡೆ, ಕಾರುಗಳು. ಕಾಲಡಿಯಲ್ಲಿ ಮಾತ್ರ ಅಲ್ಲಲ್ಲಿ ಪಾದಚಾರಿ ದಾರಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಹುದುಗಿಸಿದ್ದಾರೆ, ಅದರ ಮೇಲೆ 'ಘೆಟ್ಟೋ ಗೋಡೆ 1940–1943' ಅಂತ ಬರೆದಿದೆ. ಗೋಡೆ ಇದ್ದ ಜಾಗ ಅದು.

1940ರ ನವೆಂಬರ್‌ನಲ್ಲಿ ನಾಜಿಗಳು ಈ ಭಾಗವನ್ನು ಗೋಡೆ ಕಟ್ಟಿ ಮುಚ್ಚಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಒಳಗೆ ತುಂಬಿದರು. ಹಸಿವು, ಟೈಫಸ್. 1942ರ ಜುಲೈ 22ರಂದು ಅಲ್ಲಿಂದ ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಗ್ಯಾಸ್ ಕೋಣೆಗಳಿಗೆ ಸಾಗಿಸೋದು ಶುರುವಾಯಿತು. ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಜುಲೈ 22. ಹನ್ನೊಂದು ವರ್ಷದ ಮೇಲೆ ಅದೇ ತಾರೀಖಿಗೆ ಚೌಕದಲ್ಲಿ ಹಬ್ಬ. ಬೇಕಂತ ಮಾಡಿದ್ದಲ್ಲ, ಅದು ಕಮ್ಯುನಿಸ್ಟ್ ಸರ್ಕಾರದ ರಾಷ್ಟ್ರೀಯ ದಿನ. ಆದರೂ ಎರಡು ಬೋರ್ಡುಗಳನ್ನ ಎರಡು ದಿನದ ಅಂತರದಲ್ಲಿ ಓದಿದಾಗ ಏನೋ ಕಸಿವಿಸಿ.

1943ರ ಏಪ್ರಿಲ್ 19ರಂದು ಉಳಿದಿದ್ದ ಯುವಕ ಯುವತಿಯರು ಬಂದೂಕು ಹಿಡಿದರು. ಸುಮಾರು ಒಂದು ತಿಂಗಳು ತಡೆದು ನಿಂತರು. ನಾಜಿಗಳು ಮನೆ ಮನೆಗೆ ಬೆಂಕಿ ಇಟ್ಟರು. ಮೇ 16ರಂದು, ಗೆದ್ದ ಗುರುತಿಗೆ ಅಂತ, ಊರಿನ ದೊಡ್ಡ ಯಹೂದಿ ಪ್ರಾರ್ಥನಾ ಮಂದಿರವನ್ನು ಸಿಡಿಸಿದರು. ಆ ಜಾಗದಲ್ಲಿ ಈಗ ನೀಲಿ ಗಾಜಿನ ಗಗನಚುಂಬಿ ನಿಂತಿದೆ, 1990ರ ಆಸುಪಾಸಿನದ್ದು. ಘೆಟ್ಟೋ ಪೂರ್ತಿ ಇಟ್ಟಿಗೆ ಚೂರುಗಳ ಬಯಲಾಯಿತು.

ಅದನ್ನು ಮರುಕಟ್ಟಲಿಲ್ಲ. ಬೊಹ್ದಾನ್ ಲಾಹೆರ್ತ್ ಅನ್ನೋ ಆರ್ಕಿಟೆಕ್ಟ್ ಅವಶೇಷದ ಮೇಲೆಯೇ, ಅವಶೇಷವನ್ನೇ ಪುಡಿ ಮಾಡಿ ಬ್ಲಾಕ್ ಹಾಕಿ, ಹೊಸ ಬಡಾವಣೆ ಕಟ್ಟಿದರು. ಕೆಲವು ಮನೆಗಳಿಗೆ ರಸ್ತೆಯಿಂದ ಐದಾರು ಮೆಟ್ಟಿಲು ಹತ್ತಿ ಹೋಗಬೇಕು. ಅದು ಗುಡ್ಡ ಅಲ್ಲ, ಕೆಳಗಿರೋದು ಘೆಟ್ಟೋದ ಮನೆಗಳು. ಗೋಡೆಗಳಿಗೆ ಗಾರೆ ಬಳಿಯದೆ ಆ ಕೆಂಪು ಬಣ್ಣ ಕಾಣುವಂತೆ ಬಿಡಬೇಕು, ಅದೇ ಸ್ಮಾರಕ ಅಂತ ಲಾಹೆರ್ತ್ ಅಂದುಕೊಂಡಿದ್ದರು. ಮಂಕಾಗಿ ಕಾಣುತ್ತೆ ಅಂತ ಆಮೇಲೆ ಗಾರೆ ಬಳಿದುಬಿಟ್ಟರು.

ಯಾಕೆ ಕಟ್ಟಲಿಲ್ಲ? ನಾನು ಮೊದಲು ಸುಲಭದ ಉತ್ತರ ಕೊಟ್ಟೆ. ಇಲ್ಲಿದ್ದದ್ದು ಹೆಚ್ಚಾಗಿ 19ನೇ ಶತಮಾನದ ಬಾಡಿಗೆ ವಠಾರಗಳು. ಆಗಿನ ತಜ್ಞರ ಕಣ್ಣಲ್ಲಿ ಅಂಥವು ಪರಂಪರೆಯೇ ಅಲ್ಲ. ಯಾರೂ ಅಳೆದಿರಲಿಲ್ಲ, ಅದಕ್ಕೇ ಏಳಲಿಲ್ಲ ಅಂದೆ. ಥಿಯರಿ ಚೆನ್ನಾಗಿತ್ತು. ಅರ್ಧ ಗಂಟೆಯಲ್ಲಿ ಅದು ಮುರಿದು ಬಿತ್ತು.

ಮುರಾನೂವ್ ನಡುವೆ ಪೋಲಿನ್ ಅಂತ ಯಹೂದಿ ಚರಿತ್ರೆಯ ಮ್ಯೂಸಿಯಂ ಇದೆ, 2013ರಲ್ಲಿ ತೆರೆದದ್ದು. ಅದರೊಳಗೆ ಒಂದು ಮರದ ಪ್ರಾರ್ಥನಾ ಮಂದಿರದ ಮಾಡು, ಬಣ್ಣಬಣ್ಣದ ಪ್ರಾಣಿ, ಹೂಬಳ್ಳಿ ತುಂಬಿದ ಸೂರು. ನೂರಾರು ವಿದ್ಯಾರ್ಥಿಗಳು, ಸ್ವಯಂಸೇವಕರು ಹಳೇ ಕಾಲದ ಕೊಡಲಿ, ಉಳಿಗಳನ್ನೇ ಹಿಡಿದು ಮಾಡಿದ ಪ್ರತಿರೂಪ. ಪೋಲೆಂಡಿನ ಹಳ್ಳಿ ಪಟ್ಟಣಗಳಲ್ಲಿ ಇಂಥ ಮರದ ಮಂದಿರಗಳು ಸಾಕಷ್ಟು ಇದ್ದವು. ನಾಜಿಗಳು ಸುಟ್ಟರು. ಅವುಗಳ ಬಗ್ಗೆ ಹುಡುಕ್ತಾ ಹೋದಾಗ ಮತ್ತೆ ಅದೇ ಹೆಸರು ಸಿಕ್ತು, ಸೊಸ್ನೋವ್ಸ್ಕಿಯ ವಿಭಾಗ! ಆ ವಿದ್ಯಾರ್ಥಿಗಳು ಚರ್ಚು ಕೋಟೆಗಳ ಜೊತೆ ಯಹೂದಿ ಮಂದಿರಗಳನ್ನೂ ಅಳೆದಿದ್ದರು. ಆ ಕೆಲಸದಲ್ಲಿ ಮುಖ್ಯರಾಗಿದ್ದವರು ಶಿಮೊನ್ ಜಾಯ್ಚಿಕ್, ಯಹೂದಿ ಕಲಾ ಇತಿಹಾಸಕಾರ. ಯುದ್ಧಕಾಲದಲ್ಲಿ ನಾಜಿಗಳು ಅವರನ್ನು ಕೊಂದರು. ಅವರ ಡ್ರಾಯಿಂಗ್, ಫೋಟೋ ಉಳಿದವು. 1957ರಲ್ಲಿ ಮರಿಯಾ ಮತ್ತು ಕಾಜಿಮೆಝ್ ಪಿಯೆಖೋತ್ಕಾ ಎಂಬ ಆರ್ಕಿಟೆಕ್ಟ್ ದಂಪತಿ ಅವನ್ನೆಲ್ಲ ಸೇರಿಸಿ ಪುಸ್ತಕ ಮಾಡಿದರು.

ಅಂದ್ರೆ ಅಳತೆ ಇತ್ತು, ಮಂದಿರಗಳದ್ದಾದರೂ ಇತ್ತು. ಪ್ರಾರ್ಥನೆ ಮಾಡೋಕೆ ಊರಿಗೆ ವಾಪಸ್ ಬರುವವರು ಇರಲಿಲ್ಲ. ಹಳೇ ಪೇಟೆಯ ಚೌಕ ಎದ್ದದ್ದು ಶೀಟಿನಿಂದ ಮಾತ್ರ ಅಲ್ಲ, ನಮ್ಮ ಊರು ನಮಗೆ ಬೇಕು ಅಂತ ಹಟ ಹಿಡಿದ ಜನ ತಿರುಗಿ ಬಂದದ್ದರಿಂದ. ಈ ಕಡೆ ಹಟ ಹಿಡಿಯುವವರನ್ನೇ ಉಳಿಸಿರಲಿಲ್ಲ. ನನ್ನ ಥಿಯರಿ ಅಲ್ಲಿಗೆ ಮುಗೀತು.

ಒಂದು ಮಾತು, ಇದು ಎಲ್ಲೋ ದೂರದ ಕತೆ ಅನ್ನೋರಿಗೆ. ಮೊರಿಸ್ ಫ್ರೀಡ್‌ಮನ್ ಅಂತ ಇಂಜಿನಿಯರ್ ಇದ್ದರು, ಇದೇ ವಾರ್ಸಾದ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಗೆ ಬಂದು ಕೆಲಸ ಮಾಡಿದರು. ಆಮೇಲೆ ಗಾಂಧೀಜಿ, ರಮಣ ಮಹರ್ಷಿಗಳ ಒಡನಾಟಕ್ಕೆ ಬಂದು ಇಲ್ಲೇ ಉಳಿದುಬಿಟ್ಟರು. ಅವರು ಇಲ್ಲಿದ್ದಾಗಲೇ ಅವರು ಹುಟ್ಟಿದ ಊರು ಅಲ್ಲಿ ಹೀಗಾಯಿತು.

ಮೂರನೇ ದಿನ ಬೆಳಿಗ್ಗೆ, ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಆ ನೀಲಿ ಗಗನಚುಂಬಿಯ ಪಕ್ಕದ ಕಟ್ಟಡಕ್ಕೆ ಹೋದ್ವಿ. ಸಿಡಿಸಿದ ಮಂದಿರಕ್ಕೆ ಸೇರಿದ್ದ ಗ್ರಂಥಾಲಯ ಅದು, ಈಗ ಯಹೂದಿ ಇತಿಹಾಸ ಸಂಸ್ಥೆ. ಹಾಲ್‌ನ ಕಲ್ಲು ನೆಲದ ಮೇಲೆ ಕಪ್ಪು ಕಲೆಗಳಿವೆ. 1943ರ ಮೇ ಬೆಂಕಿಯವು. ಅಲ್ಲಿನ ನೆಲ ಬದಲಾಯಿಸದೆ ಹಾಗೇ ಬಿಟ್ಟಿದ್ದಾರೆ. ಈ ಊರಲ್ಲಿ ನಾವು ನೋಡಿದ ಎಲ್ಲದಕ್ಕಿಂತ ಅಸಲು ಅದೇ ಅಂತ ನಮ್ಮ ಹುಬ್ಬಳ್ಳಿಯವನು ಮೆಲ್ಲಗೆ ಅಂದ.

ಒಳಗೆ ಒಂದು ಹಾಲಿನ ಕ್ಯಾನ್ ಇಟ್ಟಿದ್ದಾರೆ. ನಮ್ಮ ಡೇರಿಗೆ ಹಾಲು ಹಾಕೋ ಕ್ಯಾನ್ ಇರುತ್ತಲ್ಲ, ಥೇಟ್ ಅದೇ, ತುಕ್ಕು ಹಿಡಿದದ್ದು.

ಘೆಟ್ಟೋದೊಳಗೆ ಎಮಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರ ಗುಟ್ಟಾಗಿ ಒಂದು ತಂಡ ಕಟ್ಟಿದ್ದರು. ಅವರ ಕೆಲಸ, ಕಣ್ಣ ಮುಂದೆ ನಡೆಯುತ್ತಿರುವುದನ್ನೆಲ್ಲ ದಾಖಲಿಸುವುದು. ಡೈರಿಗಳು, ಮಕ್ಕಳ ಶಾಲಾ ಪ್ರಬಂಧಗಳು, ರೇಷನ್ ಚೀಟಿ, ಟ್ರಾಂ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ಹಸಿವಿನ ಬಗ್ಗೆ ವರದಿಗಳು. ಗೆದ್ದವರು ಬರೆದ ಕಾಗದಗಳಷ್ಟೇ ಉಳಿದರೆ ನಮ್ಮ ಕತೆಯನ್ನು ಅವರೇ ಹೇಳಿಬಿಡ್ತಾರೆ ಅನ್ನೋ ಭಯ. 1942ರ ಆಗಸ್ಟ್ ಮೊದಲ ವಾರ, ಹೊರಗೆ ಜನರನ್ನು ರೈಲಿಗೆ ಅಟ್ಟುತ್ತಿದ್ದಾಗ, ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಶಾಲೆಯ ನೆಲಮಾಳಿಗೆಯಲ್ಲಿ ಮೊದಲ ಕಂತನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಹೂತರು. ಹೂತವರು ಒಬ್ಬ ಮೇಷ್ಟ್ರು ಮತ್ತು ಅವರ ಇಬ್ಬರು ಹಳೇ ವಿದ್ಯಾರ್ಥಿಗಳು. ಒಬ್ಬನ ಹೆಸರು ಡೇವಿಡ್ ಗ್ರಾಬರ್, ವಯಸ್ಸು 19. ಇನ್ನೊಬ್ಬ ನಹುಮ್ ಗ್ಜಿವಾಚ್, 18. ಕೊನೇ ಗಳಿಗೆಯಲ್ಲಿ ಇಬ್ಬರೂ ತಮ್ಮ ಬಗ್ಗೆ ನಾಲ್ಕು ಸಾಲು ಬರೆದು ಪೆಟ್ಟಿಗೆಯೊಳಗೆ ಇಟ್ಟರು. ಇಬ್ಬರೂ ಉಳಿಯಲಿಲ್ಲ. ರಿಂಗೆಲ್‌ಬ್ಲುಮ್ ಅವರನ್ನೂ 1944ರಲ್ಲಿ ಕೊಂದರು.

1946ರಲ್ಲಿ, ಆ ಇಟ್ಟಿಗೆ ಬಯಲಲ್ಲಿ ಬೀದಿ ಯಾವುದು ಮನೆ ಯಾವುದು ಅಂತ ಗುರುತೇ ಸಿಗದ ಕಡೆ ಅಗೆದು ಹತ್ತು ಪೆಟ್ಟಿಗೆ ಹುಡುಕಿದರು. 1950ರಲ್ಲಿ, ಮುರಾನೂವ್ ಕಟ್ಟುವಾಗ, ಎರಡು ಹಾಲಿನ ಕ್ಯಾನ್ ಸಿಕ್ಕವು. ಮೂರನೇ ಕಂತು ಇವತ್ತಿನವರೆಗೂ ಸಿಕ್ಕಿಲ್ಲ.

ಆ ಕ್ಯಾನ್ ಮುಂದೆ ನಿಂತಾಗ ನನಗೆ ನೆನಪಾದದ್ದು, ನಗಬೇಡಿ, ನನ್ನ ಸೆಕೆಂಡ್ ಇಯರ್ ಅಸೈನ್‌ಮೆಂಟು.

ನಾವು ಏಳು ಜನ ಒಂದು ಸಣ್ಣ ಊರಿನ ತೊಟ್ಟಿಮನೆ ಅಳೆಯೋಕೆ ಹೋಗಿದ್ವಿ. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಮೂರು ದಿನವೂ ಕಾಫಿ ಕೊಟ್ಟರು, ಒಂದು ದಿನ ಹಲಸಿನ ಹಪ್ಪಳ. "ಅಳತೆ ತಗೊಂಡು ಏನ್ಮಾಡ್ತೀರಪ್ಪಾ?" ಅಂತ ಕೇಳಿದ್ದಕ್ಕೆ ನಾನು, "ಮಾರ್ಕ್ಸ್ ಬರುತ್ತೆ ತಾತ" ಅಂದಿದ್ದೆ. ಅವರು ನಕ್ಕಿದ್ದರು. ಏಳು ಶೀಟು ಮಾಡಿ ಕೊಟ್ವಿ, ಮಾರ್ಕ್ಸ್ ಬಂತು. ನಾನು ಜರ್ಮನಿಗೆ ಹೊರಡೋ ವರ್ಷ ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು ಅಂತ ವಾಟ್ಸ್ಆ್ಯಪ್ ಗ್ರೂಪಲ್ಲಿ ಯಾರೋ ಫೋಟೋ ಹಾಕಿದ್ದರು. ಅಳುವ ಎಮೋಜಿ ಹಾಕಿ ಸುಮ್ಮನಾಗಿದ್ದೆ. ಕಾಲೇಜಿಗೆ ಕೊಟ್ಟ ಮೂಲ ಶೀಟುಗಳು ಜಾಗ ಇಲ್ಲ ಅಂತ ರದ್ದಿಗೆ ಹೋದವು ಅಂತಲೂ ಆಮೇಲೆ ತಿಳಿಯಿತು.

ವಾಪಸ್ ರೈಲಲ್ಲಿ ಆ ಗ್ರೂಪಿಗೆ ಮೆಸೇಜ್ ಹಾಕಿದೆ. ಯಾರ ಹತ್ರನಾದ್ರೂ ಸ್ಕ್ಯಾನ್ ಇದೆಯಾ? ಪೋಲೆಂಡ್ ಗಡಿ ದಾಟುವವರೆಗೂ ಬರೀ ನೀಲಿ ಟಿಕ್. ಬರ್ಲಿನ್ ಹತ್ತಿರ ಬಂದಾಗ ಈಗ ಮಂಡ್ಯದಲ್ಲಿ ಕೆಲಸ ಮಾಡ್ತಿರೋ ಗೆಳತಿ, ಹಳೇ ಪೆನ್‌ಡ್ರೈವ್ ನೋಡ್ತೀನಿ ಇರು ಅಂದಳು. ಎರಡು ವಾರದ ಮೇಲೆ ಮೂರು ಫೈಲ್ ಕಳಿಸಿದಳು. ಏಳರಲ್ಲಿ ಮೂರು ಶೀಟು. ನೆಲಮಹಡಿ ಪ್ಲಾನ್, ಬೀದಿ ಕಡೆಯ ಎಲಿವೇಶನ್, ತೊಟ್ಟಿ ಮೂಲಕ ಹಾದುಹೋಗುವ ಒಂದು ಸೆಕ್ಷನ್.

ಝೂಮ್ ಮಾಡಿ ಒಂದೊಂದೇ ಅಂಕಿ ನೋಡಿದೆ. ಪ್ಲಾನ್ ಶೀಟಲ್ಲಿ ಅಡುಗೆಮನೆ ಬಾಗಿಲಿನ ಅಗಲ ಬರೆಯೋದನ್ನ ಮರೆತಿದ್ದೀವಿ. ಯಜಮಾನರ ಮಗನ ನಂಬರ್ ಹುಡುಕಿ ಫೋನ್ ಮಾಡಿದೆ. ತಾತ ಹೋಗಿ ಎರಡು ವರ್ಷ ಆಗಿತ್ತು. ಬಾಗಿಲಿನ ಬಗ್ಗೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ನೀರಿನ ಕೊಡ ಸೊಂಟದ ಮೇಲಿಟ್ಕೊಂಡು ಬರೋವಾಗ ಸ್ವಲ್ಪ ಓರೆಯಾಗಿ ತಿರುಗಬೇಕಿತ್ತು, ಅಷ್ಟಗಲ" ಅಂದರು. ಶೀಟಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಅದನ್ನೇ ಹಾಗೇ ಬರೆದುಕೊಂಡೆ.